ಗೆಡ್ಡೆ ತೆಗೆದ ಮೇಲೂ ನಡುಕ ಬರಬಹುದು, ಮೊದಲೇ ಹೇಳಿ

ಮಾನ್ಯರೇ,

ನನ್ನ ಗಂಡ ರಾಣೆಬೆನ್ನೂರಿನಲ್ಲಿ ಟೇಲರ್. ಕಿರುಮೆದುಳಿನಲ್ಲಿ ಗೆಡ್ಡೆ ಬೆಳೆದು ಕಳೆದ ವರ್ಷ ಆಪರೇಷನ್ ಆಯಿತು. ಕ್ಯಾನ್ಸರ್ ಅಲ್ಲ ಎಂದು ವರದಿ ಬಂತು. ಮತ್ತೆ ಅಂಗಡಿ ತೆರೆದು ಕೆಲವು ತಿಂಗಳಾಗಿತ್ತು, ಬಲಗೈ ನಡುಗಲು ಶುರುವಾಯಿತು. ಸುಮ್ನೆ ತೊಡೆಯ ಮೇಲೆ ಇಟ್ಟುಕೊಂಡರೆ ಸಣ್ಣ ನಡುಕ, ಕತ್ತರಿಗೆ ಕೈ ಚಾಚಿದರೆ ಜೋರು. ಸೂಜಿಗೆ ದಾರ ಪೋಣಿಸಲು ಆಗುವುದೇ ಇಲ್ಲ.

ಗೆಡ್ಡೆ ಮರಳಿ ಬಂತು ಎಂದು ಮನೆಯವರೆಲ್ಲ ಕಂಗಾಲಾದೆವು. ಎಂಆರ್‌ಐನಲ್ಲಿ ಮೆದುಳಿನ ಕಾಂಡದಲ್ಲಿ ಬಿಳಿ ಚುಕ್ಕೆ ಕಂಡಾಗ ಭಯ ಇನ್ನೂ ಜಾಸ್ತಿಯಾಯಿತು. ಕೊನೆಗೆ ಒಬ್ಬ ನರರೋಗ ತಜ್ಞರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಕೈಕಾಲಿನ ಚಲನೆಯನ್ನು ಹದದಲ್ಲಿಡುವ ನರದ ದಾರಿಗಳು ಕಿರುಮೆದುಳಿನಿಂದ ಹೊರಡುತ್ತವೆ. ಗೆಡ್ಡೆಯಿಂದಲೋ ಆಪರೇಷನ್ನಿನಿಂದಲೋ ಅವಕ್ಕೆ ಪೆಟ್ಟಾದರೆ, ವಾರಗಳು, ತಿಂಗಳುಗಳು ಕಳೆದ ಮೇಲೂ ಹೀಗೆ ನಡುಕ ಕಾಣಿಸಿಕೊಳ್ಳಬಹುದು. ಹೋಮ್ಸ್ ಟ್ರೆಮರ್ ಎಂದು ಅದರ ಹೆಸರು. ಅದೇ ದಾರಿಗೆ ಸೇರಿದ, ಮೆದುಳಿನ ಕಾಂಡದಲ್ಲಿರುವ ಆಲಿವ್ ಎಂಬ ಭಾಗ ಸಂಪರ್ಕ ತಪ್ಪಿ ಊದಿಕೊಳ್ಳಬಹುದು. ನಾವು ಕಂಡ ಬಿಳಿ ಚುಕ್ಕೆ ಅದು, ಗೆಡ್ಡೆಯಲ್ಲ.

ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆ ಕೆಲವರಿಗೆ ಹಿಡಿಸುತ್ತದಂತೆ. ಇವರಿಗೂ ತುಸು ಹಿಡಿಸಿದೆ. ನಡಿಗೆ ಮಾತ್ರ ಇನ್ನೂ ತೂರಾಡುತ್ತದೆ. ಫಿಸಿಯೋಥೆರಪಿಗೆಂದು ದಾವಣಗೆರೆ ಬಸ್ ಹತ್ತುವಾಗ ಇವರು ಕುಡಿದಿದ್ದಾರೆಂದು ಜನ ದೂರ ಸರಿಯುತ್ತಾರೆ. ಜೀವನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ. ಎಷ್ಟು ನೋಯುತ್ತದೆ ಅಲ್ವಾ?

ಆಪರೇಷನ್ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ, ಜೀವ ಉಳಿಸಿದ್ದಾರೆ. ಆದರೆ ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ಈ ನಡುಕದ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದ್ದಷ್ಟೂ ಇಂಗ್ಲಿಷ್. ಕಿರುಮೆದುಳಿನ ಆಪರೇಷನ್ ಆದ ಕೆಲವು ಮಕ್ಕಳಂತೂ ಒಂದೆರಡು ದಿನದಲ್ಲೇ ಮಾತು ನಿಲ್ಲಿಸಿಬಿಡುತ್ತಾರೆ, ವಾರಗಟ್ಟಲೆ, ತಿಂಗಳುಗಟ್ಟಲೆ. ಮಾತು ಮರಳಿದ ಮೇಲೂ ತೂರಾಟ ಉಳಿಯಬಹುದು. ಹೀಗಾಗಬಹುದೆಂದು ಆ ತಂದೆ ತಾಯಿಗೆ ಮುಂಚೆಯೇ ಯಾರಾದರೂ ಹೇಳಬೇಡವೇ? ಯಾವ ತೊಂದರೆ ಯಾವಾಗ ಬರಬಹುದು, ಬಂದರೆ ಯಾರನ್ನು ಕಾಣಬೇಕು ಎಂದು ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟರೆ ಸಾಕು.

ಇನ್ನೊಂದು ಮಾತು. ಅಂಗವಿಕಲರ ಪ್ರಮಾಣಪತ್ರಕ್ಕೆ ಹೋದಾಗ ಇವರ ಕೈ ಒತ್ತಿ ನೋಡಿ, ಬಲ ಚೆನ್ನಾಗಿದೆ ಎಂದು ವಾಪಸ್ ಕಳಿಸಿದರು. ಬಲ ಇದೆ ನಿಜ, ಹಿಡಿತ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಗಳಲ್ಲಿ ದೀರ್ಘಕಾಲದ ನರರೋಗಗಳೂ ಇವೆ. ಪರೀಕ್ಷೆ ಮಾಡುವವರು ಒಂದು ಲೋಟ ನೀರು ಎತ್ತಿಸಲಿ, ಅಂಗಿಯ ಗುಂಡಿ ಹಾಕಿಸಲಿ. ಆಮೇಲೆ ಬರೆಯಲಿ.

– ಟೇಲರ್ ಒಬ್ಬರ ಪತ್ನಿ, ರಾಣೆಬೆನ್ನೂರು