ಆ ಒಂದು ಸಾಲಿನ ಬಗ್ಗೆ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಎರಡು ಸಲ ಓದಿದೆ. ಮನೆ ವಿಷಯ, ಹೊಸ ಓವನ್ ವಿಷಯ ನಿಮ್ಮಮ್ಮ ಆಗಲೇ ಹೇಳಿದ್ದಾಳೆ, ಅದಿರಲಿ. ಕೊನೆಯಲ್ಲಿ "ನನ್ನ ಕೈ ಬೆವರುತ್ತೆ ದೊಡ್ಡಮ್ಮ, ಕೇಕಿಗೆ ಹೊದಿಸೋ ಸಕ್ಕರೆ ಹಿಟ್ಟು, ಈ ಫಾಂಡೆಂಟ್, ನನ್ನ ಕೈಗೆ ಬರಲ್ಲ ಅನ್ಸುತ್ತೆ" ಅಂತ ಬರೆದಿದ್ದೀಯಲ್ಲ, ಆ ಒಂದು ಸಾಲಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ನಿನಗೆ ಹಾಗಂತ ಯಾರಾದರೂ ಅಂದರಾ?

ನನಗೆ ಅಂದಿದ್ದರು. ಕಲಿಯಲು ಹೋಗಿದ್ದ ಜಾಗದಲ್ಲಿ, ಎಲ್ಲರ ಎದುರಿಗೆ ನನ್ನ ಅಂಗೈ ಮುಟ್ಟಿ ನೋಡಿ, ಈ ಕೈಗೆ ಇದು ಬರಲ್ಲ ಅಂದರು. ಅವತ್ತು ನಾನು ಹೊದಿಸಿದ ಫಾಂಡೆಂಟ್ ಕೇಕಿನ ಮೇಲೆ ನಿಲ್ಲಲೇ ಇಲ್ಲ. ನಿಧಾನವಾಗಿ ಪಕ್ಕಕ್ಕೆ ಜಾರಿತು. ಅಂಚಿನಲ್ಲಿ ತೆಳ್ಳಗಾಗುತ್ತಾ ಬಂದು ಹರಿದು, ಒಳಗಿನ ಕ್ರೀಮ್ ಇಣುಕಿತು. ನೋಡುತ್ತಾ ನಿಂತೆ. ಅವರ ಮಾತು ನಂಬಿಬಿಟ್ಟೆ.

ಆಮೇಲೆ ಒಂಬತ್ತು ವರ್ಷ ಫಾಂಡೆಂಟ್ ಮುಟ್ಟಲಿಲ್ಲ. ನಿನ್ನ ಅಕ್ಕ ಚಿಕ್ಕವಳಿದ್ದಾಗ ಅರಮನೆ ಕೇಕ್ ಬೇಕು, ನೀನೇ ಮಾಡಮ್ಮ ಅಂತ ಸೆರಗು ಹಿಡಿದು ಕೇಳಿದಳು. ಕೈ ಒರೆಸಿಕೊಂಡು, ಅಂಗಡಿಯಿಂದ ತಂದರಾಯಿತು ಅಂದೆ. ಅವಳು ಅದನ್ನು ಮರೆತಿರಬಹುದು. ನಾನು ಮರೆತಿಲ್ಲ.

ತಪ್ಪು ಕೈಯದಾಗಿರಲಿಲ್ಲ ಪುಟ್ಟಿ. ಅವತ್ತು ಒಳಗೆ ಹಚ್ಚಿದ್ದು ವಿಪ್ಡ್ ಕ್ರೀಮ್. ಅದು ಮೆತ್ತಗೆ, ನೀರಿನಂಶವೂ ಜಾಸ್ತಿ. ಆ ನೀರು ತಾಗಿದರೆ ಫಾಂಡೆಂಟಿನ ಸಕ್ಕರೆ ಕರಗುತ್ತದೆ. ಯಾರು ಮಾಡಿದ್ದರೂ ಜಾರುತ್ತಿತ್ತು. ನೀನು ಬೆಣ್ಣೆ-ಸಕ್ಕರೆಯ ಬಟರ್‌ಕ್ರೀಮ್ ಇಲ್ಲವೇ ಚಾಕೊಲೇಟ್-ಕ್ರೀಮ್ ಕಲಸಿದ ಗನಾಶ್ ಹಚ್ಚು, ಫ್ರಿಜ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ಹೊದಿಸು. ಇಷ್ಟು ಮಾತು ನನಗೆ ಆಗ ಯಾರಾದರೂ ಹೇಳಿದ್ದರೆ ಸಾಕಿತ್ತು.

ಬೆವರಿದರೆ ಏನೂ ಆಗಲ್ಲ ಅಂತ ಸುಮ್ನೆ ಸಮಾಧಾನ ಹೇಳುತ್ತಿಲ್ಲ. ಅಂಟುತ್ತದೆ, ನಿಜ. ತಣ್ಣೀರಲ್ಲಿ ಕೈ ತೊಳೆದು, ಪೂರ್ತಿ ಒರೆಸಿ, ಅಂಗೈಗೆ ಒಂಚೂರು ಶಾರ್ಟನಿಂಗ್, ಅಂದರೆ ವನಸ್ಪತಿ ಥರದ ಗಟ್ಟಿ ಕೊಬ್ಬು, ಸವರಿಕೋ. ಅಂಟುತ್ತದೆ ಅಂತ ಹೆದರಿ ಹಿಡಿಗಟ್ಟಲೆ ಕಾರ್ನ್‌ಫ್ಲೋರ್ ಸುರಿಯಬೇಡ. ನಾನು ಅದನ್ನೂ ಮಾಡಿದ್ದೇನೆ. ಒಣಗಿ, ಆನೆ ಚರ್ಮದ ಹಾಗೆ ಸಣ್ಣ ಸಣ್ಣ ಬಿರುಕು ಬರುತ್ತದೆ. ನಾದುವಾಗ ಒಂದು ಚೂರು ಎಳೆದು ನೋಡು. ಎಳೆದಷ್ಟೂ ಬಂದರೆ ಲಟ್ಟಿಸಬಹುದು, ಪಟ್ಟನೆ ತುಂಡಾದರೆ ಇನ್ನೂ ನಾದಬೇಕು. ಅಲ್ಲಿ ನಿನ್ನ ಬಿಸಿ ಕೈಯೇ ಕೆಲಸಕ್ಕೆ ಬರುತ್ತದೆ, ಬೇಗ ಮೆತ್ತಗಾಗುತ್ತದೆ.

ಮಾರ್ಷ್‌ಮ್ಯಾಲೋ ಕರಗಿಸಿ ಮನೆಯಲ್ಲೇ ಫಾಂಡೆಂಟ್ ಮಾಡಲಾ ಅಂತ ಕೇಳಿದ್ದೀಯ. ರುಚಿಯೇನೋ ಚೆನ್ನಾಗಿರುತ್ತದೆ. ಆದರೆ ಸಲಕ್ಕೊಂದು ಹದ ಬರುತ್ತದೆ, ಹದ ಕೆಟ್ಟರೆ ನೀನು ಮತ್ತೆ ಕೈಯನ್ನೇ ಬೈದುಕೊಳ್ಳುತ್ತೀಯ. ಅದಕ್ಕೇ ಸದ್ಯಕ್ಕೆ ರೆಡಿಮೇಡ್ ತಗೋ. ಕಪ್ಪು, ಕೆಂಪು ಬೇಕಿದ್ದರೆ ಬಣ್ಣ ಹಾಕಿದ್ದನ್ನೇ ತಗೋ. ಬಿಳಿಯದಕ್ಕೆ ಅಷ್ಟು ಬಣ್ಣ ಕಲಸಿದರೆ ಅಂಟಂಟಾಗುತ್ತದೆ.

ಅಳತೆ ನಿನಗೆ ಗೊತ್ತೇ ಇರಬಹುದು, ಆದರೂ ಬರೆಯುತ್ತೇನೆ. 8 ಇಂಚು ಅಗಲ, 4 ಇಂಚು ಎತ್ತರದ ಕೇಕಿಗೆ 16 ಇಂಚಿನ ಹಾಳೆ ಬೇಕು. ಅದಕ್ಕಿಂತ 2 ಇಂಚು ಹೆಚ್ಚೇ ಇರಲಿ. ದಪ್ಪ 4 ಮಿಲಿಮೀಟರ್ ಇರಲಿ, ಶುರುವಿನಲ್ಲೇ ತೆಳ್ಳಗೆ ಮಾಡಲು ಹೋಗಬೇಡ. ಪಕ್ಕದಲ್ಲಿ ನೆರಿಗೆ ಬಿದ್ದರೆ ಒತ್ತಬೇಡ. ಮೆಲ್ಲಗೆ ಹೊರಕ್ಕೆ ಎತ್ತಿ ಬಿಡಿಸಿ, ಮೇಲಿನಿಂದ ಕೆಳಕ್ಕೆ ಸವರು. ಅಂಗೈ ಬದಲು ಸ್ಮೂದರ್, ಅಂದರೆ ಸವರಿ ನುಣುಪು ಮಾಡುವ ಚಪ್ಪಟೆ ಹಲಗೆ, ಹಿಡಿದರೆ ಬೆವರಿನ ಚಿಂತೆಯೂ ಇಲ್ಲ. ಇದನ್ನೇ ಮೊದಲು ಹೇಳಬೇಕಿತ್ತೇನೋ.

ಇನ್ನೊಂದು. ಮುಗಿದ ಕೇಕನ್ನು ಫ್ರಿಜ್‌ನಿಂದ ತೆಗೆದಾಗ ಫಾಂಡೆಂಟೂ ಬೆವರುತ್ತದೆ. ಮೇಲೆಲ್ಲ ಹನಿ ಹನಿ ನೀರು. ಮೊದಲ ಸಲ ನೋಡಿದಾಗ ನಾನು ಬಟ್ಟೆ ತಗೊಂಡು ಒರೆಸಿ ಎಲ್ಲ ಕಲೆ ಮಾಡಿದೆ. ನೀನು ಮುಟ್ಟಬೇಡ. ಫ್ಯಾನ್ ಗಾಳಿಗೆ ಬಿಡು, ತಾನಾಗಿ ಆರುತ್ತದೆ.

ಈ ವಾರ ಒಂದು ಸಣ್ಣ ಕೇಕ್ ಹೊದಿಸಿ ಫೋಟೋ ಕಳಿಸು. ನೆರಿಗೆ ಬಿದ್ದ ಪಕ್ಕವನ್ನೂ ತೆಗೆದು ಕಳಿಸು, ಮುಚ್ಚಿಡಬೇಡ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ