ಅಪ್ಪಯ್ಯನ ಆಪರೇಷನ್ ನನಗಾಗಿ ಕಾಯುವುದು ಬೇಡ

ಬಫೆಲೊ, ನ್ಯೂಯಾರ್ಕ್ ರಾಜ್ಯ
28 ಡಿಸೆಂಬರ್ 2022, ಬುಧವಾರ

ಅಪ್ಪಯ್ಯನಿಗೂ ಅಮ್ಮನಿಗೂ ನಮಸ್ಕಾರ. ನಾವು ಮೂವರೂ ಆರಾಮವಾಗಿದ್ದೇವೆ. ದೊಡ್ಡತ್ತೆಗೂ ಹೇಳಿಬಿಡಿ, ಎಲ್ಲರನ್ನೂ ಕೇಳಿದೆ ಅಂತ.

ಅಮ್ಮ, ಅಪ್ಪಯ್ಯ ಹೃದಯದ ಆಪರೇಷನ್ ಮುಂದೆ ಹಾಕುತ್ತಿದ್ದಾರೆ ಅಂತ ನೀನು ತಮ್ಮನ ಕೈಲಿ ಬರೆಸಿ ಕಳಿಸಿದ್ದು ನಾನು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿ ಇರುವಾಗಲೇ ಬಂತು. ಎರಡೆರಡು ಸಲ ಓದಿದೆ. ಫೋನ್ ಮಾಡಿದರೆ ಅಪ್ಪಯ್ಯ "ಅಲ್ಲಿ ಸ್ನೋ ಹೇಗಿದೆ, ಪುಟ್ಟ ಊಟ ಮಾಡಿದನಾ" ಅಂತ ಮಾತು ಬೇರೆ ಕಡೆ ತಿರುಗಿಸುತ್ತಾರೆ. ಅಷ್ಟರಲ್ಲಿ ನಿಮ್ಮಲ್ಲಿ ನೆಟ್‌ವರ್ಕ್ ಹೋಗಿರುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ತಮ್ಮ ಇದನ್ನು ಪೇಟೆಯಲ್ಲಿ ಪ್ರಿಂಟ್ ತೆಗೆಸಿ, ಅಪ್ಪಯ್ಯನ ಎದುರಿಗೆ ಕೂತು ಪೂರ್ತಿ ಓದಬೇಕು. ನಡುವೆ ಎದ್ದು ತೋಟಕ್ಕೆ ಹೋಗಲು ಬಿಡಬೇಡಿ.

ಮೊದಲು ನಿನ್ನ ಹೆದರಿಕೆಗೆ ಉತ್ತರ. ಹಿಮಗಾಳಿ ಹೊಡೆದದ್ದು ಅಂತ ನೀನು ಟಿವಿಯಲ್ಲಿ ನೋಡಿದ್ದು ಈ ಊರೇ ಹೌದು. ಆದರೆ ನಮಗೆ ಏನೂ ಆಗಿಲ್ಲ. ಎಷ್ಟೋ ಸಾವಿರ ಮನೆಗಳಿಗೆ ಕರೆಂಟ್ ಹೋಗಿತ್ತು, ನಮ್ಮ ಬೀದಿಯಲ್ಲಿ ಹೋಗಲಿಲ್ಲ. ಹೀಟರ್ ಒಂದು ಕ್ಷಣವೂ ನಿಂತಿಲ್ಲ. ಅಕ್ಕಿ, ಬೇಳೆ, ಹಾಲು ಎಲ್ಲ ಇತ್ತು, ಈಗಲೂ ಇದೆ. ಪುಟ್ಟನಿಗೆ ಶೀತ ಕೂಡ ಆಗಿಲ್ಲ. ಇವರೂ ಗಟ್ಟಿಯಾಗಿದ್ದಾರೆ. ನನಗೆ ಸ್ವಲ್ಪ ನಿದ್ದೆ ಬಾಕಿ, ಅಷ್ಟೇ.

ಗಾಳಿ ಶುರುವಾದದ್ದು 23ನೇ ತಾರೀಕು, ಶುಕ್ರವಾರ. ಬೆಳಗಿನ ಜಾವ ಮಳೆ ಬರುತ್ತಿತ್ತು. ನಾನು ಡ್ಯೂಟಿಗೆ ಹೊರಟಾಗ ಅದೇ ಮಳೆ. ನೋಡನೋಡುತ್ತಿದ್ದಂತೆ ಚಳಿ ಏರಿತು, ಮಳೆ ಹಿಮವಾಯಿತು. ಒಂಬತ್ತೂವರೆಯಿಂದ ಜಿಲ್ಲೆಯಲ್ಲಿ ಯಾರೂ ಗಾಡಿ ಓಡಿಸುವಂತಿಲ್ಲ ಅಂತ ಆದೇಶ ಬಂತು. ಆಮೇಲೆ ಕಿಟಕಿಯ ಆಚೆ ಏನೂ ಕಾಣಲಿಲ್ಲ. ಎದುರಿನ ಕಟ್ಟಡ, ದೀಪದ ಕಂಬ, ಪಾರ್ಕಿಂಗ್, ಎಲ್ಲ ಮಾಯ. ಸುಮ್ನೆ ಬಿಳಿ, ಮತ್ತೆ ಗಾಳಿಯ ಸದ್ದು. ಗಾಳಿಯ ವೇಗ ಒಮ್ಮೊಮ್ಮೆ ಗಂಟೆಗೆ 110 ಕಿಲೋಮೀಟರ್ ದಾಟುತ್ತಿತ್ತಂತೆ. ಇಲ್ಲಿನ ಹವಾಮಾನದವರ ಲೆಕ್ಕದಲ್ಲಿ ಏರ್‌ಪೋರ್ಟ್‌ನಲ್ಲಿ 37 ಗಂಟೆ ಬಿಡದೆ ಏನೂ ಕಾಣದ ಆ ಹಿಮಗಾಳಿ ಇತ್ತು. ಎಲ್ಲ ಮುಗಿಯುವಾಗ ಬಿದ್ದ ಹಿಮ 4 ಅಡಿಗಿಂತ ಜಾಸ್ತಿ. ಗಾಳಿ ಒಟ್ಟು ಹಾಕಿದ ಕಡೆ ಆಳುದ್ದ ಇದೆ.

ಇದಕ್ಕೆಲ್ಲ ಈರಿ ಸರೋವರ ಕಾರಣ. ಕೆರೆ ಅಂತ ಅಂದುಕೊಳ್ಳಬೇಡಿ, ಆಚೆ ದಡ ಕಾಣುವುದಿಲ್ಲ, ಸಮುದ್ರದ ಹಾಗೇ. ಡಿಸೆಂಬರ್‌ನಲ್ಲಿ ಅದಿನ್ನೂ ಹೆಪ್ಪುಗಟ್ಟಿರುವುದಿಲ್ಲ, ನೀರಿಗೆ ಸ್ವಲ್ಪ ಬಿಸಿ ಉಳಿದಿರುತ್ತದೆ. ಅದರ ಮೇಲೆ ತೀರಾ ತಣ್ಣನೆಯ ಗಾಳಿ ಉದ್ದಕ್ಕೆ ಬೀಸಿದರೆ ನೀರಿನ ಆವಿಯನ್ನೆಲ್ಲ ಎಳೆದುಕೊಂಡು ಬಂದು ಈ ತುದಿಯಲ್ಲಿ ಹಿಮವಾಗಿ ಸುರಿಯುತ್ತದೆ. ಆ ತುದಿಯಲ್ಲೇ ನಮ್ಮ ಊರು. ಕಡಲಿನ ಮೋಡ ಘಟ್ಟಕ್ಕೆ ಬಂದು ಆಗುಂಬೆಯಲ್ಲಿ ಸುರಿಯುವ ಹಾಗೆ ಅಂತ ಪುಟ್ಟನಿಗೆ ಹೇಳಿಕೊಟ್ಟಿದ್ದೇನೆ. ಕಳೆದ ತಿಂಗಳೂ ಊರಿನ ದಕ್ಷಿಣಕ್ಕೆ 6 ಅಡಿ ಮೇಲೆ ಬಿದ್ದಿತ್ತು. ಆಗ ಗಾಳಿ ಇಷ್ಟಿರಲಿಲ್ಲ, ಎರಡು ಮೂರು ದಿನದಲ್ಲಿ ಊರು ಮತ್ತೆ ನಡೆಯಿತು. ಇಲ್ಲಿಯವರು ಹಿಮಕ್ಕೆ ಹೆದರುವ ಜನ ಅಲ್ಲ. ಈ ಸಲ ಅವರೇ 1977ರ ಹಿಮಗಾಳಿಯನ್ನು ನೆನೆಸಿಕೊಂಡು ಮಾತಾಡುತ್ತಿದ್ದಾರೆ.

ನನ್ನ ಪಾಳಿ ಸಂಜೆಗೆ ಮುಗಿಯಬೇಕಿತ್ತು. ಮುಂದಿನ ಪಾಳಿಯವರು ಬರುವುದು ಹೇಗೆ? ಇದ್ದವರೇ ಇದ್ದೆವು. ಮೀಟಿಂಗ್ ರೂಮಿನಲ್ಲಿ ಮಡಿಸುವ ಮಂಚ ಹಾಕಿಕೊಂಡು ಸರದಿಯ ಮೇಲೆ ಮಲಗಿದೆವು. ಕ್ಯಾಂಟೀನಿನವರೂ ಮನೆಗೆ ಹೋಗಲಾರದೆ ನಮ್ಮ ಜೊತೆ ಉಳಿದರು, ಹಾಗಾಗಿ ಸೂಪು, ಬ್ರೆಡ್ಡು, ಹಣ್ಣು ಸಿಗುತ್ತಿತ್ತು. ಕ್ರಿಸ್‌ಮಸ್ ದಿನವೂ ಅಲ್ಲೇ ಆಯಿತು. ಇಲ್ಲಿಯವರಿಗೆ ಅದು ನಮ್ಮ ದೀಪಾವಳಿಯಷ್ಟು ದೊಡ್ಡದು, ಮಕ್ಕಳನ್ನು ಬಿಟ್ಟು ಬಂದವರೇ ಜಾಸ್ತಿ. ಆದರೂ ಒಬ್ಬರೂ ಮುಖ ಸಣ್ಣ ಮಾಡಲಿಲ್ಲ. ಇಂಥವರ ಜೊತೆ ಕೆಲಸ ಮಾಡುತ್ತೇನೆ ಅಂತ ನನಗೆ ಹೆಮ್ಮೆ.

ಮನೆಯಲ್ಲಿ ಇವರು ಪುಟ್ಟನನ್ನು ನೋಡಿಕೊಂಡರು. ಬಾಗಿಲು ತೆರೆದರೆ ಎದುರಿಗೆ ಹಿಮದ ಗೋಡೆ. ಬಾಗಿಲಿನ ಪಟ್ಟಿ, ಹಿಡಿಕೆ ಎಲ್ಲದರ ಅಚ್ಚು ಅದರ ಮೇಲೆ ಮೂಡಿತ್ತಂತೆ, ಫೋಟೋ ಕಳಿಸಿದ್ದಾರೆ, ಪುಟ್ಟ ಅದರಲ್ಲಿ ಬೆರಳು ತೂರಿಸುತ್ತಿದ್ದಾನೆ. ಹೀಟರಿನ ಹೊಗೆ ಹೋಗುವ ಪೈಪು ಹೊರಗೋಡೆಯಲ್ಲಿದೆ. ಅದು ಮುಚ್ಚಿಹೋದರೆ ವಿಷದ ಗಾಳಿ ಮನೆಯೊಳಗೇ ತುಂಬುತ್ತದೆ, ವಾಸನೆಯೂ ಬರುವುದಿಲ್ಲ. ಅದಕ್ಕೆ ಇವರು ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು, ಪಕ್ಕದ ಕಿಟಕಿಯಿಂದ ಕೈ ಚಾಚಿ ಉದ್ದ ಕೋಲಿನಲ್ಲಿ ಪೈಪಿನ ಬಾಯಿ ಬಿಡಿಸುತ್ತಿದ್ದರು. ಅಳಿಯನ ಬಗ್ಗೆ ನಿನಗೆ ಚಿಂತೆಯೇ ಬೇಡ ಅಮ್ಮ.

ಇನ್ನು ಅಪ್ಪಯ್ಯನ ವಿಷಯ.

ಅಪ್ಪಯ್ಯ, ತಮ್ಮ ಆಂಜಿಯೋಗ್ರಾಂ ರಿಪೋರ್ಟಿನ ಫೋಟೋ ಕಳಿಸಿದ್ದಾನೆ. ನಾನು ನೋಡಿದೆ, ಇಲ್ಲಿನ ಡಾಕ್ಟರಿಗೂ ತೋರಿಸಿದೆ. ಮೂರು ನಾಳದಲ್ಲಿ ಬ್ಲಾಕ್ ಇದೆ, ಅದರಲ್ಲಿ ಒಂದು ಎಡಗಡೆಯ ಮುಖ್ಯ ನಾಳ. ಮಣಿಪಾಲದ ಡಾಕ್ಟರು ಬೈಪಾಸ್ ಅಂದಿದ್ದು ಸರಿ, ಬೇಗ ಆಗಬೇಕು ಅಂದಿದ್ದೂ ಸರಿ. ಸ್ಟೆಂಟ್ ಹಾಕಿ ಮುಗಿಸುವ ಹಾಗಿಲ್ಲವಾ ಅಂತ ನೀವು ಕೇಳಿದಿರಂತೆ. ಅದನ್ನೂ ಇಲ್ಲಿ ಕೇಳಿದೆ. ನಿಮ್ಮ ನಾಳಗಳು ಇರುವ ರೀತಿಗೆ ಬೈಪಾಸೇ ಒಳ್ಳೆಯದು ಅಂದರು. ಜನವರಿ 2ಕ್ಕೆ ದಿನ ಕೊಟ್ಟಿದ್ದಾರೆ. ನೀವು ಅಡಿಕೆ ಕೊಯ್ಲು ಮುಗಿಯಲಿ, ಮಗಳು ಬರಲಿ ಅಂತ ಕೂತಿದ್ದೀರಿ.

ಮಗಳು ಬರುವುದು ನನ್ನ ಕೈಯಲ್ಲಿಲ್ಲ ಅಪ್ಪಯ್ಯ. ಏರ್‌ಪೋರ್ಟ್ ಶುಕ್ರವಾರ ಮುಚ್ಚಿದ್ದು ಇವತ್ತು ಬೆಳಿಗ್ಗೆ ತೆರೆಯಿತು. ನನ್ನ ಟಿಕೆಟ್ ರದ್ದಾಗಿದೆ. ಇಡೀ ದೇಶದಲ್ಲೇ ಈ ವಾರ ಸಾವಿರಾರು ವಿಮಾನ ರದ್ದಾಗಿ ಜನ ಏರ್‌ಪೋರ್ಟ್‌ಗಳಲ್ಲಿ ಮಲಗಿದ್ದಾರೆ. ಅರ್ಧ ರಾತ್ರಿ ಫೋನ್ ಹಿಡಿದು ಕೂತು ಸಿಕ್ಕಿದ್ದು ಜನವರಿ ಎರಡನೇ ವಾರದ ಸೀಟು. ಬೇರೆ ಊರಿನಿಂದ ಹತ್ತೋಣ ಅಂದರೆ ಇವತ್ತಿನವರೆಗೂ ಊರೊಳಗೆ ಕಾರು ತೆಗೆಯುವಂತಿಲ್ಲ. ಚೌಕಗಳಲ್ಲಿ ಮಿಲಿಟರಿ ಪೊಲೀಸರು ನಿಂತಿದ್ದಾರೆ. ನಾಳೆಯಿಂದ ಬಿಡುತ್ತಾರಂತೆ.

ಈ ದಿನಗಳಲ್ಲಿ ನನ್ನ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಹೆದರಿಸಲು ಅಲ್ಲ. ನಾನು ಕೆಲಸ ಮಾಡುವುದೇ ಹೃದಯದ ವಾರ್ಡಿನಲ್ಲಿ ಅಲ್ವಾ. ನಿಮ್ಮದೇ ವಯಸ್ಸಿನ ಒಬ್ಬರು ಬಂದರು. ಮನೆ ಮುಂದಿನ ಹಿಮ ಸಲಿಕೆಯಲ್ಲಿ ಎತ್ತಿ ಹಾಕುವಾಗ ಎದೆ ಹಿಡಿದುಕೊಂಡಿದೆ. ಫೋನ್ ಮಾಡಿದರೆ ಆಂಬುಲೆನ್ಸ್ ಬರಲಾರದು. ಆಂಬುಲೆನ್ಸೇ ದಾರಿಯಲ್ಲಿ ಹೂತು ನಿಂತಿದೆ, ಅದನ್ನು ಬಿಡಿಸಲು ಹೋದ ಫೈರ್ ಇಂಜಿನ್ನೂ ಹೂತಿದೆ. ಕೊನೆಗೆ ಅಕ್ಕಪಕ್ಕದ ಹುಡುಗರು ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯ ಮೇಲೆ ಕಟ್ಟಿಕೊಂಡು ತಂದರು. ಉಳಿದರು. ಬೆಚ್ಚಗೆ ಮಾಡುವಾಗ ನನ್ನ ಕೈ ಬಿಡಲೇ ಇಲ್ಲ. ತಿಂಗಳಿನಿಂದ ಹತ್ತುವಾಗ ಎದೆ ಬಿಗಿಯುತ್ತಿತ್ತು, ಹಬ್ಬ ಮುಗಿಯಲಿ ಅಂತ ಸುಮ್ಮನಿದ್ದೆ ಅಂದರು. ನೀವೂ ಮೇಲಿನ ತೋಟ ಹತ್ತುವಾಗ ಎರಡು ಕಡೆ ನಿಲ್ಲುತ್ತೀರಿ ಅಂತ ಅಮ್ಮ ಬರೆಸಿದ್ದಾಳೆ.

ಎಲ್ಲರಿಗೂ ಹಾಗೆ ಆಗಲಿಲ್ಲ. ಈ ಜಿಲ್ಲೆಯೊಂದರಲ್ಲೇ ಮೂವತ್ತಕ್ಕೂ ಜಾಸ್ತಿ ಜನ ಹೋದರು. ಕೆಲವರು ಕಾರಿನೊಳಗೆ, ಕೆಲವರು ಬೀದಿಯಲ್ಲಿ, ಕೆಲವರು ಹಿಮ ತೆಗೆಯುವಾಗ ಹೃದಯ ನಿಂತು, ಇನ್ನು ಕೆಲವರು ಆಂಬುಲೆನ್ಸ್ ತಲುಪದೆ. ಇಷ್ಟು ದೊಡ್ಡ ಯಂತ್ರ, ಇಷ್ಟು ಆಸ್ಪತ್ರೆ ಇರುವ ಊರು ಇದು. ದಾರಿ ಮುಚ್ಚಿದರೆ ಯಾವುದೂ ಉಪಯೋಗಕ್ಕೆ ಬರಲಿಲ್ಲ.

ನಮ್ಮಲ್ಲಿ ಈ ಜುಲೈನಲ್ಲಿ ಆಗುಂಬೆ ಘಾಟಿ ಕುಸಿದು ರಸ್ತೆ ಬಂದ್ ಆಗಿತ್ತಲ್ಲ. ಆವಾಗ ನಿಮಗೆ ನೋವು ಬಂದಿದ್ದರೆ? ಈಗ ಘಾಟಿ ಒಣಗಿದೆ, ದಾರಿ ಚೆನ್ನಾಗಿದೆ, ಚಿಕ್ಕಪ್ಪನ ಕಾರು ಅಂಗಳದಲ್ಲೇ ಇದೆ. ದಾರಿ ಇರುವಾಗ ಹೋಗಿ ಅಪ್ಪಯ್ಯ. ನಾನು ಆಪರೇಷನ್ ದಿನ ಬಾಗಿಲ ಹೊರಗೆ ಕೂತು ಮಾಡುವುದು ಏನೂ ಇಲ್ಲ. ಆಮೇಲೆ ಮನೆಗೆ ಬಂದ ಮೇಲೇ ನಿಮಗೆ ನಾನು ಬೇಕಾಗುವುದು, ಅಷ್ಟು ಹೊತ್ತಿಗೆ ನಾನು ಬಂದಿರುತ್ತೇನೆ.

ಅಡಿಕೆಯ ಚಿಂತೆ ಬಿಡಿ. ಎಲೆಚುಕ್ಕಿ ರೋಗ ಬಂದ ಮೇಲೆ ನೀವು ದಿನಾ ಮರದ ತಲೆ ನೋಡುತ್ತಾ ತಿರುಗುತ್ತಿದ್ದೀರಂತೆ. ಮೇಲಿನಮನೆ ಭಾವ ಅಡಿಕೆ ಗೊನೆ ತೆಗೆಸುತ್ತೇನೆ ಅಂದಿದ್ದಾರೆ, ನಾನೇ ಮಾತಾಡಿದ್ದೇನೆ. ಸುಲಿಯುವವರನ್ನು ಅಮ್ಮನಿಗೆ ಗೊತ್ತಿದೆ. ಒಂದು ವರ್ಷ ಬೇಯಿಸುವುದು ಬಿಟ್ಟು ಹಸಿ ಅಡಿಕೆಯನ್ನೇ ಕೊಟ್ಟರೂ ಪರವಾಗಿಲ್ಲ. ಸ್ವಲ್ಪ ಕಡಿಮೆ ಬರುತ್ತದೆ, ಬರಲಿ.

ಹಣದ ಮಾತು ತೆಗೆಯಲೇಬೇಡಿ. ಸೊಸೈಟಿಯಲ್ಲಿ ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ಬರೆಸಿದ್ದು ಒಳ್ಳೆಯದಾಯಿತು, ಕಾಗದ ಜೊತೆಗೆ ತೆಗೆದುಕೊಂಡು ಹೋಗಿ. ಆದರೆ ಅದು ಆಗುತ್ತದೋ ಇಲ್ಲವೋ ಅಂತ ದಿನ ಮುಂದೆ ಹಾಕಬೇಡಿ. ತಮ್ಮನ ಖಾತೆಗೆ ನಿನ್ನೆ ಹಾಕಿದ್ದೇನೆ, ಇನ್ನೂ ಬೇಕಾದರೆ ಇದೆ. ಬೇಲಿ ಕಡೆ ಜಾಗ ಮಾರುವ ಮಾತು ಯಾರಾದರೂ ಎತ್ತಿದರೆ ನನ್ನ ಹೆಸರು ಹೇಳಿ ನಿಲ್ಲಿಸಿ.

ತಮ್ಮಾ, ನಿನಗೆ ಕೆಲವು ಮಾತು. ಭಾನುವಾರವೇ ಮಣಿಪಾಲಕ್ಕೆ ಹೋಗಿ ಅಡ್ಮಿಟ್ ಮಾಡಿಸು. ಅಪ್ಪಯ್ಯ ತಗೊಳ್ಳುವ ಎಲ್ಲ ಮಾತ್ರೆಯ ಪಟ್ಟಿ ಬರೆದುಕೋ, ಆಯುರ್ವೇದದ್ದೂ ಸೇರಿಸಿ. ರಕ್ತ ತೆಳು ಮಾಡುವ ಮಾತ್ರೆ ಯಾವುದು ನಿಲ್ಲಿಸಬೇಕು, ಯಾವುದು ಮುಂದುವರಿಸಬೇಕು ಅಂತ ಇವತ್ತೇ ಡಾಕ್ಟರಿಗೆ ಫೋನ್ ಮಾಡು. ಕೆಲವನ್ನು ಐದಾರು ದಿನ ಮೊದಲೇ ನಿಲ್ಲಿಸುತ್ತಾರೆ, ನೀನಾಗಿ ನಿಲ್ಲಿಸಬೇಡ. ಎಲೆಯಡಿಕೆ ಕವಳ ಇವತ್ತಿನಿಂದಲೇ ಬಂದ್. ನಾಲಿಗೆ ಕೆಳಗೆ ಇಡುವ ಮಾತ್ರೆ ಅಪ್ಪಯ್ಯನ ಅಂಗಿಯ ಜೇಬಿನಲ್ಲೇ ಇರಲಿ. ದಾರಿಯಲ್ಲಿ ನೋವು ಬಂದರೆ ಕೂರಿಸಿ ಕೊಡಬೇಕು, ನಿಲ್ಲಿಸಿ ಕೊಡಬೇಡ, ತಲೆ ಸುತ್ತುತ್ತದೆ.

ಅಮ್ಮ, ಆಪರೇಷನ್ ಆದ ಮೇಲೆ ಐಸಿಯುನಲ್ಲಿ ನೋಡುವಾಗ ಹೆದರಬೇಡ. ಬಾಯಲ್ಲಿ ನಳಿಗೆ ಇರುತ್ತದೆ, ಎದೆಯಿಂದಲೂ ನಳಿಗೆ ಬಂದಿರುತ್ತದೆ, ಮುಖ ಊದಿರುತ್ತದೆ. ಎಲ್ಲರಿಗೂ ಹಾಗೇ. ನಾನು ದಿನಾ ನೋಡುವ ಮುಖಗಳು ಅವು, ಒಂದೆರಡು ದಿನದಲ್ಲಿ ಎದ್ದು ಕೂತು ಕಾಫಿ ಕೇಳುತ್ತಾರೆ. ಕಾಲಿನ ನಾಳ ತೆಗೆದು ಹೃದಯಕ್ಕೆ ಜೋಡಿಸುವುದರಿಂದ ಕಾಲಿಗೂ ಹೊಲಿಗೆ ಇರುತ್ತದೆ. ಕೆಮ್ಮು ಬಂದರೆ ದಿಂಬು ಎದೆಗೆ ಅಪ್ಪಿ ಹಿಡಿದು ಕೆಮ್ಮಬೇಕು. ಎದೆಯ ಎಲುಬು ಕೂಡಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕೊಡಪಾನ ಕೂಡ ಎತ್ತುವಂತಿಲ್ಲ. ಇದನ್ನು ಅಪ್ಪಯ್ಯನಿಗೆ ಕೇಳುವ ಹಾಗೆ ಜೋರಾಗಿ ಓದಿ.

ಪುಟ್ಟ ಅಜ್ಜಯ್ಯನಿಗೆ ಹೇಳು ಅಂದ ಸುದ್ದಿ ಒಂದಿದೆ. ಇಲ್ಲಿ ಹಿಮವನ್ನು ಪಕ್ಕಕ್ಕೆ ತಳ್ಳಲು ಜಾಗವೇ ಉಳಿದಿಲ್ಲ. ಜೆಸಿಬಿಯಂಥ ಗಾಡಿಗಳಲ್ಲಿ ಎತ್ತಿ ಟಿಪ್ಪರಿಗೆ ತುಂಬಿ ಊರ ಹೊರಗೆ ಸುರಿದು ಬರುತ್ತಾರೆ, ನಮ್ಮಲ್ಲಿ ಮಣ್ಣು ಹೊಡೆಯುವ ಹಾಗೇ. ಅವನು ಕಿಟಕಿ ಬಿಟ್ಟು ಏಳುವುದಿಲ್ಲ. ಇನ್ನೊಂದು, ನಯಾಗರ ನೋಡಲು ಹೊರಟ ಕೊರಿಯಾ ದೇಶದ ಪ್ರವಾಸಿಗಳ ವ್ಯಾನು ಹತ್ತಿರದ ಊರಿನಲ್ಲಿ ಹೂತುಹೋಯಿತು. ಸಲಿಕೆ ಕೇಳಲು ಒಂದು ಮನೆಯ ಬಾಗಿಲು ತಟ್ಟಿದರೆ, ಆ ಗಂಡ ಹೆಂಡತಿ ಡ್ರೈವರ್ ಸೇರಿ ಹತ್ತೂ ಜನರನ್ನು ಒಳಗೆ ಕರೆದು ಎರಡು ರಾತ್ರಿ ಇಟ್ಟುಕೊಂಡರು. ಆ ಮನೆಯವರಿಗೆ ಕೊರಿಯಾ ಅಡುಗೆ ಇಷ್ಟವಂತೆ, ಸಾಮಾನೆಲ್ಲ ಇತ್ತು, ಬಂದವರೇ ಅಡುಗೆ ಮಾಡಿ ಬಡಿಸಿದರು. ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ ಅಂತ ದೊಡ್ಡತ್ತೆ ಹೇಳುತ್ತಿರುತ್ತಾರಲ್ಲ, ಅವರಿಗೆ ಇದನ್ನು ಓದಿ ಹೇಳಿ.

ನಾವು ಚೆನ್ನಾಗಿದ್ದೇವೆ, ಇನ್ನೊಂದು ಸಲ ಹೇಳುತ್ತೇನೆ. ಚಳಿಯೂ ಕಡಿಮೆಯಾಗುತ್ತಿದೆ, ಈ ವಾರ ಹಿಮ ಕರಗುತ್ತದಂತೆ. ನಮ್ಮ ಯೋಚನೆ ಒಂದು ಚೂರೂ ಬೇಡ.

ಆಸ್ಪತ್ರೆಯ ಗಾಡಿ ಬೀದಿ ತುದಿಗೆ ಬಂತು ಅಂತ ಫೋನ್ ಬರುತ್ತಿದೆ, ಹೊರಡಬೇಕು. ಅಪ್ಪಯ್ಯ ಒಪ್ಪಿದ ಕೂಡಲೇ ತಮ್ಮ ಮೆಸೇಜ್ ಹಾಕಲಿ, ಎಷ್ಟು ಹೊತ್ತಾದರೂ ಸರಿ, ಎದ್ದು ನೋಡುತ್ತೇನೆ. ಒಪ್ಪದಿದ್ದರೆ ಚಿಕ್ಕಪ್ಪನನ್ನು ಕರೆಸಿ. ಅರಿವೆ ಚೀಲ ಶನಿವಾರವೇ ಕಟ್ಟಿಡು ಅಮ್ಮ, ಸ್ವೆಟರ್ ಮರೆಯಬೇಡ.

ನಿಮ್ಮ ಮಗಳು