ಕ್ರಾಕೋವ್‌ಗೆ ಬಂದವರು ಶೆರೋಕಾ ಬೀದಿಗೂ ಬನ್ನಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಆಗಾಗ ಯುರೋಪ್ ಪ್ರವಾಸದ ಬರಹಗಳು ಬರುತ್ತವೆ. ತಪ್ಪದೆ ಓದುತ್ತೇನೆ. ಆದರೆ ಪೋಲೆಂಡ್‌ನ ಕ್ರಾಕೋವ್ ಹೆಸರು ಬಂದಾಗಲೆಲ್ಲ ಹೆಚ್ಚುಕಡಿಮೆ ಒಂದೇ ಮಾತು: ಅಲ್ಲಿ ಉಳಿದುಕೊಂಡು ಆಶ್‌ವಿಟ್ಜ್ ನೋಡಿ ಬಂದೆವು. ನಾನು 4 ವರ್ಷದಿಂದ ಕೆಲಸದ ಮೇಲೆ ಈ ಊರಿನಲ್ಲಿದ್ದೇನೆ. ಬಂದು ಹೋಗುವ ನಮ್ಮವರನ್ನು ನೋಡುತ್ತಲೇ ಇರುತ್ತೇನೆ. ಒಂದು ದಿನ ಆಶ್‌ವಿಟ್ಜ್, ಇನ್ನೊಂದು ದಿನ ವಿಯೆಲಿಚ್ಕಾದ ಉಪ್ಪಿನ ಗಣಿ, ರಾತ್ರಿ ದೊಡ್ಡ ಚೌಕದಲ್ಲಿ ನಾಲ್ಕು ಫೋಟೊ, ಬೆಳಗಾದರೆ ಪ್ರಾಗ್‌ಗೆ ಹೊರಡುವ ಗಡಿಬಿಡಿ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಆಶ್‌ವಿಟ್ಜ್‌ಗೆ ಹೋಗಬೇಡಿ ಅಂತ ಹೇಳುತ್ತಿಲ್ಲ. ಹೋಗಲೇಬೇಕು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಸುಮಾರು 11 ಲಕ್ಷ ಜನರನ್ನು ಕೊಂದ ಶಿಬಿರ ಅದು, ಅವರಲ್ಲಿ 10 ಲಕ್ಷದಷ್ಟು ಮಂದಿ ಯಹೂದಿಗಳು. ಆದರೆ ಆ ಜನ ಶುಕ್ರವಾರ ಸಂಜೆ ಎಲ್ಲಿ ಸೇರುತ್ತಿದ್ದರು, ಪ್ರಾರ್ಥನೆ ಬಾಯಿಪಾಠ ಬರದವರು ಏನು ಮಾಡುತ್ತಿದ್ದರು, ಸತ್ತವರನ್ನು ಎಲ್ಲಿ ಮಣ್ಣು ಮಾಡುತ್ತಿದ್ದರು, ಅದೆಲ್ಲ ಅಲ್ಲಿ ಕಾಣುವುದಿಲ್ಲ. ಅದು ಕಾಣುವುದು ಇಲ್ಲಿ, ಊರೊಳಗೇ, ಶೆರೋಕಾ ಬೀದಿಯ ಸುತ್ತಲಿನ ಹಳೆಯ ಯಹೂದಿ ಕೇರಿಯಲ್ಲಿ, ಚೌಕದಿಂದ 20 ನಿಮಿಷ ನಡೆದರೆ. ಅಷ್ಟು ಹತ್ತಿರ ಬಂದು ನೋಡದೆ ಹೋಗುತ್ತಾರಲ್ಲ ಅಂತ ನನಗೆ ನಿಜವಾಗಿ ಸಂಕಟ.

ಕಳೆದ ವರ್ಷ ನಮ್ಮ ಅಕ್ಕ, ಭಾವ ಬಂದಿದ್ದರು. ಅವರದೂ ಇದೇ ಪಟ್ಟಿ. ಕೊನೆಗೆ ಒಂದು ದಿನ ಖಾಲಿ ಉಳಿಯಿತು. "ಬೆಳಿಗ್ಗೆ ಚರ್ಚ್ ನೋಡೋಣ, ಆಮೇಲೆ ಸಿನಗಾಗ್ ಕಡೆ ಹೋಗೋಣ ಭಾವ" ಅಂದೆ. ಸಿನಗಾಗ್ ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಚರ್ಚ್‌ಗೆ ಇಬ್ಬರೂ ಒಪ್ಪಿದರು. ಭಾವ ಮಾತ್ರ, "ಸಿನಗಾಗ್‌ನಲ್ಲಿ ಈಗ ಯಾರೂ ಇಲ್ವಲ್ಲಪ್ಪ, ಖಾಲಿ ಕಟ್ಟಡದಲ್ಲಿ ನೋಡೋದೇನು?" ಅಂದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಬಹಳ ಜನ ಹಾಗೇ ಅಂದುಕೊಂಡಿರುತ್ತಾರೆ.

ಮೊದಲು ಚೌಕದ ಮೂಲೆಯಲ್ಲಿರುವ ಸೇಂಟ್ ಮೇರಿ ಬಸಿಲಿಕಾಗೆ ಹೋದೆವು. ಅಲ್ಲಿಗೆ ಹೋಗುವವರು ಗಡಿಯಾರ ನೋಡಿಕೊಂಡು ಹೋಗಿ. ಬೆಳಿಗ್ಗೆ 11 ಗಂಟೆ 50 ನಿಮಿಷದ ಹೊತ್ತಿಗೆ ಬಲಿಪೀಠದ ಹಿಂದಿನ ಕೆತ್ತನೆಯ ಬಾಗಿಲು ತೆರೆಯುತ್ತಾರೆ. ನಾವು ಹೋದ ದಿನ ಒಬ್ಬ ಸಿಸ್ಟರ್ ಉದ್ದನೆಯ ಕೋಲು ಹಿಡಿದು ಬಂದು, ಒಂದೊಂದೇ ಬಾಗಿಲನ್ನು ಮೆಲ್ಲಗೆ ಸರಿಸಿದರು. ಒಳಗೆಲ್ಲ ಚಿನ್ನದ ಬಣ್ಣ. ನ್ಯೂರೆಂಬರ್ಗ್‌ನಿಂದ ಬಂದ ವಿಟ್ ಸ್ಟ್ವೋಶ್ ಎಂಬ ಶಿಲ್ಪಿ 1477ರಿಂದ 1489ರವರೆಗೆ, ಅಂದರೆ 12 ವರ್ಷ, ಇದನ್ನು ಲಿಂಡೆನ್ ಮರದಲ್ಲಿ ಕೆತ್ತಿದ್ದು. ನಡುವೆ ಮಾತೆ ಮರಿಯಳು ಕೊನೆಯುಸಿರೆಳೆಯುತ್ತಾ ಮೊಣಕಾಲೂರಿ ಕುಸಿಯುತ್ತಿದ್ದಾಳೆ, ಯೇಸುವಿನ ಶಿಷ್ಯರಾದ ಪ್ರೇಷಿತರಲ್ಲೊಬ್ಬರು ಹಿಂದಿನಿಂದ ಆಕೆಯನ್ನು ಹಿಡಿದುಕೊಂಡಿದ್ದಾರೆ. ಮೂರ್ತಿಗಳು ಎರಡೂವರೆ ಮೀಟರಿಗಿಂತ ಎತ್ತರ. ಅವರ ಕೈಗಳನ್ನು ನೋಡಿ. ಮುದುಕರ ಕೈಮೇಲೆ ನರ ಉಬ್ಬಿರುತ್ತಲ್ಲ, ಮರದಲ್ಲಿ ಅದೂ ಇದೆ. ಅಕ್ಕ ಸುಮಾರು ಹೊತ್ತು ಆ ಕೈಗಳನ್ನೇ ನೋಡುತ್ತಾ ಕೂತಿದ್ದಳು.

ಯುದ್ಧದ ಕಾಲದಲ್ಲಿ ನಾಜಿಗಳು ಇದನ್ನು ಬಿಡಿಬಿಡಿಯಾಗಿ ಜರ್ಮನಿಗೆ ಸಾಗಿಸಿದ್ದರು. 1946ರಲ್ಲಿ ಪೋಲೆಂಡ್‌ಗೆ ವಾಪಸ್ ಬಂತು, ದುರಸ್ತಿಯೆಲ್ಲ ಮುಗಿದು ಚರ್ಚ್‌ಗೆ ಮರಳಿದ್ದು 1957ರಲ್ಲಿ. ಹೊರಗೆ ಬರುವ ಹೊತ್ತಿಗೆ 12 ಗಂಟೆ. ಎತ್ತರದ ಗೋಪುರದ ಮೇಲಿಂದ ಕಹಳೆ. ಪ್ರತಿ ಗಂಟೆಗೂ ನಾಲ್ಕು ದಿಕ್ಕಿಗೆ ತಿರುಗಿ ಊದುತ್ತಾರೆ, ಊದುವವರು ಅಗ್ನಿಶಾಮಕ ದಳದವರು. ರಾಗ ನಡುವೆಯೇ ತಟ್ಟನೆ ನಿಂತುಬಿಡುತ್ತದೆ. 1241ರಲ್ಲಿ ತಾತಾರರು ದಾಳಿ ಮಾಡಿದಾಗ ಕಹಳೆಯವನ ಗಂಟಲಿಗೆ ಬಾಣ ನಾಟಿತು, ಅದಕ್ಕೇ ಹಾಗೆ ಅಂತ ಕಥೆ. ಕಥೆಯೇ ಸರಿ, ಚರಿತ್ರೆ ಅಲ್ಲ, ಆದರೂ ಅದು ನಿಂತ ಕ್ಷಣ ಚೌಕದಲ್ಲಿರುವ ಎಲ್ಲರೂ ತಲೆ ಎತ್ತಿ ನೋಡುತ್ತಾರೆ.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಕಾಜಿಮಿಯೆಜ್. ಈಗ ಒಂದು ಬಡಾವಣೆ, ಹಿಂದೆ ಇದು ಬೇರೆಯೇ ಊರು. ಮೂರನೇ ಕಾಜಿಮಿಯೆಜ್ ರಾಜ 1335ರಲ್ಲಿ ತನ್ನ ಹೆಸರಿನಲ್ಲೇ ಕಟ್ಟಿಸಿದ್ದು. ಅವನ ಕಾಲದ ಕಾರ್ಪಸ್ ಕ್ರಿಸ್ಟಿ ಚರ್ಚ್ ಇಲ್ಲಿದೆ. ಒಳಗೆ ಬೋಧನೆಯ ಪೀಠವನ್ನು ದೋಣಿಯ ಆಕಾರದಲ್ಲಿ ಮಾಡಿದ್ದಾರೆ, ಮತ್ಸ್ಯಕನ್ಯೆಯರು ಅದನ್ನು ಹೊತ್ತಿದ್ದಾರೆ. ಅಲ್ಲಿಂದ ಸ್ವಲ್ಪವೇ ದೂರ ನಡೆದರೆ ಸಿನಗಾಗ್‌ಗಳು ಶುರು.

ಇಷ್ಟು ಹತ್ತಿರ ಹತ್ತಿರ ಇರುವುದನ್ನು ನೋಡಿ, ಎಲ್ಲರೂ ಅಣ್ಣತಮ್ಮಂದಿರ ಹಾಗಿದ್ದರು ಅಂತ ಕೆಲವರು ಬರೆಯುತ್ತಾರೆ. ಅದು ಪೂರ್ತಿ ನಿಜ ಅಲ್ಲ. ಯಹೂದಿಗಳು ಮೊದಲು ಇದ್ದದ್ದು ಕ್ರಾಕೋವ್ ಊರೊಳಗೆ, ಈಗ ಸೇಂಟ್ ಆ್ಯನ್ ಬೀದಿ ಅನ್ನುವ ಕಡೆ. 1494ರಲ್ಲಿ ಊರಿಗೆ ಬೆಂಕಿ ಬಿತ್ತು, ಅವರ ಮೇಲೆ ದಾಳಿಯಾಯಿತು, 1495ರಲ್ಲಿ ರಾಜ ಯಾನ್ ಓಲ್ಬ್ರಾಖ್ಟ್ ಅವರನ್ನು ಊರಿನಿಂದ ಕಾಜಿಮಿಯೆಜ್‌ಗೆ ಕಳಿಸಿಬಿಟ್ಟ. ಇಲ್ಲೂ ಅವರ ಭಾಗಕ್ಕೆ ಬೇರೆ ಗೋಡೆ ಇತ್ತು. ಹಾಗೆ ಎತ್ತಿ ಹಾಕಿದ ಜಾಗದಲ್ಲಿ ನಿಂತುಕೊಂಡು ಈ ಜನ ಸುಮಾರು 450 ವರ್ಷ ಬಾಳಿದರು, ಕಟ್ಟಿದರು, ಓದಿದರು. ನನಗೆ ಗೌರವ ಹುಟ್ಟುವುದು ಅದಕ್ಕೇ.

ಶೆರೋಕಾ ಬೀದಿ ಅಂದರೆ ಅಗಲವಾದ ಬೀದಿ. ಹೆಸರಿಗೆ ಬೀದಿ, ನೋಡಿದರೆ ಉದ್ದನೆಯ ಚೌಕದ ಹಾಗಿದೆ. ಅದರ ಒಂದು ತುದಿಗೆ ಹಳೆಯ ಸಿನಗಾಗ್, ಇಲ್ಲಿಯವರು ಸ್ತಾರಾ ಅನ್ನುತ್ತಾರೆ. 15ನೇ ಶತಮಾನದ್ದು, ಪೋಲೆಂಡ್‌ನಲ್ಲಿ ಉಳಿದಿರುವ ಸಿನಗಾಗ್ ಕಟ್ಟಡಗಳಲ್ಲೇ ಹಳೆಯದು. ಬೆಂಕಿಗೆ ಸಿಕ್ಕಿದ ಮೇಲೆ 1570ರಲ್ಲಿ ಮತ್ತೆಯೊ ಗುಚ್ಚಿ ಎಂಬ ಇಟಲಿಯವನು ಸರಿಮಾಡಿ ಕಟ್ಟಿದ. ಒಳಗೆ ಹೋಗಲು ಮೆಟ್ಟಿಲು ಇಳಿಯಬೇಕು. ನಡುವೆ ಎರಡೇ ಕಂಬ, ಕಬ್ಬಿಣದ ಕಂಬಿಗಳ ಕಟಕಟೆಯ ಒಳಗೆ ಎತ್ತರದ ಜಗಲಿ. ಅಲ್ಲಿ ನಿಂತು ತಮ್ಮ ಧರ್ಮಗ್ರಂಥ ತೋರಾ ಓದುತ್ತಿದ್ದರು. 1794ರಲ್ಲಿ ರಷ್ಯನ್ನರ ವಿರುದ್ಧದ ದಂಗೆಯ ಸಮಯದಲ್ಲಿ ಅದರ ನಾಯಕ ಕೊಶ್ಚುಷ್ಕೊ ಇಲ್ಲಿಗೇ ಬಂದು ಯಹೂದಿಗಳ ಬೆಂಬಲ ಕೇಳಿ ಮಾತಾಡಿದ್ದ. ನಾಜಿಗಳು ಇದನ್ನು ದೋಚಿ ಗೋದಾಮು ಮಾಡಿಕೊಂಡರು, 1943ರಲ್ಲಿ ಇದರ ಗೋಡೆಯ ಹತ್ತಿರವೇ 30 ಮಂದಿ ಪೋಲಿಷ್ ಒತ್ತೆಯಾಳುಗಳನ್ನು ಗುಂಡಿಟ್ಟು ಕೊಂದರು. ಈಗ ಇದು ಮ್ಯೂಸಿಯಂ.

ಅದೇ ಬೀದಿಯಲ್ಲಿ ರೆಮು ಸಿನಗಾಗ್. ಚಿಕ್ಕದು, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. 1550ರ ದಶಕದಲ್ಲಿ ಒಬ್ಬ ಸಿರಿವಂತ ವ್ಯಾಪಾರಿ ತನ್ನ ಮಗ ಮೋಶೆ ಇಸ್ಸರ್ಲೆಸ್‌ಗಾಗಿ ಕಟ್ಟಿಸಿದ್ದು. ಆ ಮಗನನ್ನೇ ರೆಮು ಅನ್ನುವುದು. ಯೋಸೆಫ್ ಕಾರೋ ಬರೆದ ಯಹೂದಿ ಧರ್ಮನಿಯಮಗಳ ಗ್ರಂಥಕ್ಕೆ, ಯುರೋಪಿನ ಯಹೂದಿಗಳ ಪದ್ಧತಿ ಎಲ್ಲೆಲ್ಲಿ ಬೇರೆ ಅಂತ ಟಿಪ್ಪಣಿ ಬರೆದವರು ಇವರು. ಆ ಟಿಪ್ಪಣಿಗಳನ್ನು ಇಂದಿಗೂ ಲೋಕದ ನಾನಾ ಕಡೆ ಪಾಲಿಸುತ್ತಾರೆ. ಸಣ್ಣ ಬೀದಿಯ ಸಣ್ಣ ಕಟ್ಟಡದಲ್ಲಿ ಕೂತು ಬರೆದದ್ದು ಎಷ್ಟು ದೂರ ಹೋಗಿದೆ ನೋಡಿ! ಇಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತದೆ. ಬಾಗಿಲಲ್ಲಿ ಗಂಡಸರಿಗೆ ತಲೆಗೆ ಹಾಕಿಕೊಳ್ಳಲು ಕಿಪ್ಪಾ ಕೊಡುತ್ತಾರೆ. ಭಾವನೂ ಹಾಕಿಕೊಂಡರು, ಜಾರಿ ಬೀಳದ ಹಾಗೆ ಕೈಯಲ್ಲಿ ಒತ್ತಿಹಿಡಿದುಕೊಂಡೇ ಒಳಗೆ ಬಂದರು.

ಹಿಂದೆ ಹಳೆಯ ಸ್ಮಶಾನ, 1535ರಿಂದ 1800ರವರೆಗೆ ಬಳಕೆಯಲ್ಲಿದ್ದದ್ದು. ರೆಮು ಅವರ ಸಮಾಧಿಯೂ ಇಲ್ಲೇ. ಯುದ್ಧದಲ್ಲಿ ಜಾಗವೆಲ್ಲ ಹಾಳಾದರೂ ಉಳಿದ ಕೆಲವೇ ಕಲ್ಲುಗಳಲ್ಲಿ ಅದೂ ಒಂದು. "ಮೋಶೆಯಿಂದ ಮೋಶೆಯವರೆಗೆ ಮೋಶೆಯಂಥವರು ಇನ್ನೊಬ್ಬರಿಲ್ಲ" ಅಂತ ಅದರ ಮೇಲಿದೆ. ಮೊದಲ ಮೋಶೆ ಅಂದರೆ ಬೈಬಲಿನ ಪ್ರವಾದಿ. ಯುದ್ಧ ಮುಗಿದ ಮೇಲೆ ಅಗೆದಾಗ ಮಣ್ಣಿನಡಿ ನೂರಾರು ಸಮಾಧಿ ಕಲ್ಲುಗಳು ಸಿಕ್ಕವು. ನಿಲ್ಲಿಸಬಹುದಾದದ್ದನ್ನು ನಿಲ್ಲಿಸಿದರು. ಜೋಡಿಸಲಾಗದ ಚೂರುಗಳನ್ನು ಸೇರಿಸಿ ಒಂದು ಗೋಡೆ ಕಟ್ಟಿದರು.

ಆ ಗೋಡೆಯ ಹತ್ತಿರ ಹೋಗಿ ನಿಂತು ನೋಡಬೇಕು. ಒಂದು ಚೂರಿನಲ್ಲಿ ಆಶೀರ್ವಾದ ಮಾಡುವ ಎರಡು ಕೈ, ಅದು ಪುರೋಹಿತರ ವಂಶದವರ ಗುರುತು. ಇನ್ನೊಂದರಲ್ಲಿ ಹೂಜಿ, ಅದು ಲೇವಿ ಕುಲದವರದು. ಮತ್ತೊಂದರಲ್ಲಿ ಸಿಂಹದ ಹಿಂಭಾಗ ಮಾತ್ರ ಉಳಿದಿದೆ, ಮುಖ ಇಲ್ಲ. ಅಕ್ಷರದ ಸಾಲುಗಳು ಅರ್ಧಕ್ಕೆ ಕಡಿದುಹೋಗಿವೆ, ಹೆಸರು ಒಂದು ಚೂರಿನಲ್ಲಿದ್ದರೆ ತಂದೆಯ ಹೆಸರು ಇನ್ನೆಲ್ಲೋ. ಕಲ್ಲಿನ ಸಂದುಗಳಲ್ಲಿ ಬಂದವರು ಸಣ್ಣ ಸಣ್ಣ ಕಲ್ಲು ಇಟ್ಟು ಹೋಗಿದ್ದಾರೆ. ಯಹೂದಿಗಳು ಸಮಾಧಿಯ ಮೇಲೆ ಹೂವಿನ ಬದಲು ಕಲ್ಲು ಇಡುತ್ತಾರೆ. ಭಾವ ಅಲ್ಲೇ ನೆಲದಿಂದ ಒಂದು ಹರಳುಕಲ್ಲು ಆರಿಸಿ, "ಇಡಬಹುದಾ?" ಅಂತ ಕೇಳಿ, ಇಟ್ಟರು. ಖಾಲಿ ಕಟ್ಟಡ ಅನ್ನುವ ಮಾತು ಆಮೇಲೆ ಬರಲಿಲ್ಲ.

ಐಸಾಕ್ ಸಿನಗಾಗ್ 1644ರದು. ಅದರ ಗೋಡೆಗಳ ಮೇಲೆ ಪ್ರಾರ್ಥನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಪುಸ್ತಕ ಕೊಳ್ಳುವ ಶಕ್ತಿ ಇಲ್ಲದವರೂ ಗೋಡೆ ನೋಡಿ ಓದಲಿ ಅಂತ. ಇದರ ಬಗ್ಗೆ ಒಂದು ಕಥೆಯೂ ಇದೆ. ಐಸಾಕ್ ಎಂಬ ಬಡವನಿಗೆ ಪ್ರಾಗ್‌ನ ಸೇತುವೆಯ ಕೆಳಗೆ ನಿಧಿ ಇದೆ ಅಂತ ಕನಸು ಬೀಳುತ್ತದೆ. ಅಷ್ಟು ದೂರ ಹೋದರೆ ಅಲ್ಲಿನ ಕಾವಲುಗಾರ ನಗುತ್ತಾನೆ. "ನನಗೂ ಕನಸು ಬಿದ್ದಿತ್ತು, ಕ್ರಾಕೋವ್‌ನಲ್ಲಿ ಐಸಾಕ್ ಅನ್ನುವವನ ಮನೆಯ ಒಲೆ ಕೆಳಗೆ ನಿಧಿ ಇದೆಯಂತೆ, ನಾನು ಹೋದೆನಾ?" ಅನ್ನುತ್ತಾನೆ. ಐಸಾಕ್ ಓಡಿ ಮನೆಗೆ ಬಂದು ಅಗೆದು ತೆಗೆದು, ಆ ದುಡ್ಡಲ್ಲಿ ಸಿನಗಾಗ್ ಕಟ್ಟಿಸಿದನಂತೆ. ಅಕ್ಕನಿಗೆ ಈ ಕಥೆ ತುಂಬಾ ಹಿಡಿಸಿತು.

ಟೆಂಪಲ್ ಸಿನಗಾಗ್ ಇವೆಲ್ಲಕ್ಕಿಂತ ಹೊಸದು, 1860ರ ದಶಕದ್ದು. ಚಿನ್ನದ ಬಣ್ಣದ ಚಾವಣಿ, ಬಣ್ಣದ ಗಾಜಿನ ಕಿಟಕಿ. ನಾಜಿಗಳು ಇಲ್ಲಿ ಕುದುರೆ ಕಟ್ಟಿದ್ದರು. ಈಗ ಇಲ್ಲಿ ಸಂಗೀತ ಕಛೇರಿ ನಡೆಯುತ್ತದೆ. 1988ರಲ್ಲಿ ಶುರುವಾದ ಯಹೂದಿ ಸಂಸ್ಕೃತಿ ಉತ್ಸವ ಬೇಸಿಗೆಯಲ್ಲಿ ಬರುತ್ತದೆ, ಆಗ ಈ ಬೀದಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪಕ್ಕದಲ್ಲೇ 2008ರಲ್ಲಿ ತೆರೆದ ಯಹೂದಿ ಸಮುದಾಯ ಕೇಂದ್ರ ಇದೆ. ಯುದ್ಧಕ್ಕೆ ಮುಂಚೆ ಊರಿನ ನಾಲ್ಕನೇ ಒಂದು ಪಾಲು, ಸುಮಾರು 65,000 ಜನ ಯಹೂದಿಗಳಿದ್ದರು. ಈಗ ಇರುವವರು ತೀರಾ ಕಡಿಮೆ. ಆದರೆ ಇದ್ದಾರೆ, ಅದನ್ನು ಮರೆಯಬಾರದು ಅಲ್ವಾ.

ಇನ್ನೊಂದು ವಿಷಯ ಇಲ್ಲಿಗೆ ಬರುವವರಿಗೆ ಯಾರೂ ಹೇಳುವುದಿಲ್ಲ. ಈ ಊರಿನ ಯಹೂದಿಗಳೆಲ್ಲ ಸತ್ತದ್ದು ಆಶ್‌ವಿಟ್ಜ್‌ನಲ್ಲಿ ಅಂದುಕೊಳ್ಳುತ್ತೇವೆ. ಹಾಗಲ್ಲ. 1941ರ ಮಾರ್ಚ್‌ನಲ್ಲಿ ಅವರನ್ನು ಕಾಜಿಮಿಯೆಜ್‌ನಿಂದ ಎಬ್ಬಿಸಿ, ವಿಸ್ತುಲಾ ನದಿಯ ಆಚೆ ಪೊದ್‌ಗೂಜೆಯ ಗೆಟ್ಟೊಗೆ, ಅಂದರೆ ಯಹೂದಿಗಳನ್ನು ಕೂಡಿಹಾಕಲು ಮಾಡಿದ ಕೇರಿಗೆ, ತುಂಬಿದರು. 1942ರಲ್ಲಿ ಅಲ್ಲಿಂದ ಸಾವಿರಾರು ಜನರನ್ನು ರೈಲಿನಲ್ಲಿ ಕಳಿಸಿದ್ದು ಬೆಲ್‌ಜೆಟ್ಸ್ ಎಂಬ ಇನ್ನೊಂದು ಸಾವಿನ ಶಿಬಿರಕ್ಕೆ. 1943ರ ಮಾರ್ಚ್ 13 ಮತ್ತು 14ರಂದು ಗೆಟ್ಟೊ ಖಾಲಿ ಮಾಡಿಸುವಾಗ ಬೀದಿಯಲ್ಲೇ ಬಹಳ ಜನರನ್ನು ಕೊಂದರು. ಗೆಟ್ಟೊ ಇದ್ದ ಕಡೆಯ ಒಂದು ಚೌಕದಲ್ಲಿ ಈಗ ಅವರ ನೆನಪಿಗೆ ಲೋಹದ ಖಾಲಿ ಕುರ್ಚಿಗಳನ್ನು ಇಟ್ಟಿದ್ದಾರೆ. ಕಾಜಿಮಿಯೆಜ್‌ನ ಕೆಲವು ಹಳೆಯ ಮನೆಗಳ ಬಾಗಿಲ ಚೌಕಟ್ಟಿನಲ್ಲಿ, ಬಲಗಡೆ, ಓರೆಯಾಗಿ ಬೆರಳುದ್ದದ ಒಂದು ಗುಳಿ ಕಾಣುತ್ತದೆ. ಮೆಜೂಜಾ, ಅಂದರೆ ಪ್ರಾರ್ಥನೆಯ ಸುರುಳಿ ಇದ್ದ ಜಾಗ. ಮೇಲೆ ಎಷ್ಟೋ ಸಲ ಬಣ್ಣ ಬಳಿದಿದ್ದಾರೆ, ಆದರೂ ಬೆರಳಾಡಿಸಿದರೆ ತಿಳಿಯುತ್ತದೆ.

ಬರುವವರಿಗೆ ನನ್ನ ಕಳಕಳಿಯ ಮನವಿ. ಶನಿವಾರ ಬರಬೇಡಿ, ರೆಮು ಅವತ್ತು ಮುಚ್ಚಿರುತ್ತದೆ. ಶುಕ್ರವಾರ ಬಂದರೆ ಬೆಳಿಗ್ಗೆಯೇ ಬನ್ನಿ, ಸಂಜೆಗೆ ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಶುರುವಾಗುತ್ತದೆ. ಚರ್ಚ್‌ನಲ್ಲಿ ಬಲಿಪೂಜೆ ನಡೆಯುವಾಗ ಓಡಾಡಬೇಡಿ. ಬಸಿಲಿಕಾದಲ್ಲಿ ನೋಡಲು ಬಂದವರಿಗೆ ಟಿಕೆಟ್ ತೆಗೆದುಕೊಂಡು ಹೋಗುವ ಬಾಗಿಲು ಬೇರೆ, ಪ್ರಾರ್ಥನೆಗೆ ಬಂದವರ ಬಾಗಿಲು ಬೇರೆ. ದುಡ್ಡು ಉಳಿಸಲು ಪ್ರಾರ್ಥನೆಯ ಬಾಗಿಲಿನಿಂದ ನುಸುಳುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಆ ಮುರಿದ ಕಲ್ಲಿನ ಗೋಡೆಗೆ ಒರಗಿ, ಬೆರಳಲ್ಲಿ ವಿ ತೋರಿಸಿ, ನಗುತ್ತಾ ಫೋಟೊ ತೆಗೆಸಿಕೊಳ್ಳುವವರನ್ನೂ ನೋಡಿದ್ದೇನೆ. ಅವರಲ್ಲಿ ಕನ್ನಡ ಮಾತಾಡುವವರೂ ಇದ್ದರು. ಹತ್ತಿರ ಹೋಗಿ, ಇವು ಸಮಾಧಿ ಕಲ್ಲುಗಳು ಅಂತ ಹೇಳಿದೆ. ಪಾಪ, ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ಕೂಡಲೇ ಫೋನ್ ಒಳಗಿಟ್ಟರು. ಮೊದಲೇ ಯಾರಾದರೂ ಹೇಳಿದ್ದರೆ ಅವರು ಹಾಗೆ ಮಾಡುತ್ತಲೇ ಇರಲಿಲ್ಲ.

ಆದ್ದರಿಂದ ಸಂಪಾದಕರೇ, ಮುಂದಿನ ಸಲ ನಿಮ್ಮ ಪ್ರವಾಸ ಪುಟದಲ್ಲಿ ಕ್ರಾಕೋವ್ ಬಗ್ಗೆ ಹಾಕುವಾಗ ಶೆರೋಕಾ ಬೀದಿಗೂ ಅರ್ಧ ಕಾಲಂ ಕೊಡಿ. ಚಿತ್ರ ಬೇಕಿದ್ದರೆ ನಾನೇ ತೆಗೆದು ಕಳಿಸುತ್ತೇನೆ, ಬೆಳಿಗ್ಗೆ ಜನ ಬರುವ ಮುಂಚೆ. ರೆಮು ಒಳಗೆ ಪ್ರಾರ್ಥನೆ ಮಾಡುವವರ ಚಿತ್ರ ಮಾತ್ರ ಕೇಳಬೇಡಿ.

ಇಂತಿ,
ಕ್ರಾಕೋವ್‌ನಲ್ಲಿರುವ ನಿಮ್ಮ ಓದುಗ